ಲಾಂಗ್ ಬೆಲ್ ಆದಮೇಲೆ

ಹೋದ ತಿಂಗಳು ಈ ಅಂಕಣದಲ್ಲಿ ಮಕ್ಕಳ ಹೋಂವರ್ಕ್ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮಕ್ಕಳ ಮಾತು ಬಿಟ್ಟು ಟೀಚರುಗಳ ಮಾತನ್ನೇ ಎತ್ತಿದ್ದವು. ನಾನು 1988ರಲ್ಲಿ ಅರಸೀಕೆರೆ ಸೀಮೆಯ ಒಂದು ಹಳ್ಳಿ ಶಾಲೆಗೆ ಸಹಶಿಕ್ಷಕಿಯಾಗಿ ಸೇರಿ, ಕೊನೆಯ ಹನ್ನೊಂದು ವರ್ಷ ಮುಖ್ಯ ಶಿಕ್ಷಕಿಯಾಗಿದ್ದು, 2023ರಲ್ಲಿ ನಿವೃತ್ತಳಾದವಳು. ಆ ಪತ್ರಗಳನ್ನು ಪಕ್ಕಕ್ಕಿಡಲು ಮನಸ್ಸು ಬರಲಿಲ್ಲ. ಈ ಸಲ ಅವಕ್ಕೇ ಜಾಗ. ಕೆಲಸದಲ್ಲಿ ಇರುವವರ ಹೆಸರು ಹಾಕಿಲ್ಲ.

ಪ್ರಶ್ನೆ: ಮೇಡಂ, ನನ್ನ ಹೆಂಡತಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಶಾಲೆ ಬಿಡುವುದು ನಾಲ್ಕೂ ಇಪ್ಪತ್ತಕ್ಕೆ. ಆದರೆ ರಾತ್ರಿ ಹತ್ತೂವರೆಯಾದರೂ ಅವಳ ಕೈಲಿ ಮೊಬೈಲು, ಮುಂದೆ ನೋಟ್‌ಬುಕ್ ಕಟ್ಟು. ಆರು ವರ್ಷದ ಮಗ ಮೊನ್ನೆ, ‘ಅಮ್ಮನ ಶಾಲೆ ಬಿಡೋದೇ ಇಲ್ವಾ ಅಪ್ಪಾ’ ಅಂದ. ನಮ್ಮ ಕಡೆಯವರೋ ‘ಟೀಚರ್ ಕೆಲಸ, ರಜೆ ಜಾಸ್ತಿ, ಆರಾಮ’ ಅಂತಲೇ ಇದ್ದಾರೆ. ನಾನು ಫೈನಾನ್ಸ್ ಕಂಪನಿಯಲ್ಲಿದ್ದೇನೆ, ಏಳಕ್ಕೆ ಮನೆಗೆ ಬಂದರೆ ಮುಗಿಯಿತು. ಏನಿದು ಇಷ್ಟು ಕೆಲಸ? ಕೆಲಸ ಬಿಡು ಅನ್ನಲೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಬಿಡು ಅನ್ನಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಹೆಂಡತಿ ರಾತ್ರಿ ಮಾಡುತ್ತಿರುವುದು ಎರಡು ಬೇರೆ ಬೇರೆ ಕೆಲಸ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಮೊದಲನೆಯದು ಆ ನೋಟ್‌ಬುಕ್ ಕಟ್ಟು. ಅದರಲ್ಲಿ ಏನಿದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಶಾಲೆಯಲ್ಲಿ ಮೂರನೇ ತರಗತಿಯ ಒಬ್ಬ ಹುಡುಗಿ 52ರಿಂದ 38 ಕಳೆದು 26 ಅಂತ ಬರೆದಿದ್ದಳು. ತಪ್ಪು ಗುರುತು ಹಾಕಿ ಮುಂದೆ ಹೋಗಲು ಎರಡು ಸೆಕೆಂಡು ಸಾಕು. ಹಾಗೆ ಮಾಡದೆ ಅವಳ ಹಿಂದಿನ ಪುಟ ತಿರುವಿದೆ. 71ರಿಂದ 45 ಕಳೆದು 34 ಬರೆದಿದ್ದಾಳೆ. ಆಗ ಗೊತ್ತಾಯಿತು. ಮೇಲಿರಲಿ ಕೆಳಗಿರಲಿ, ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿದ್ದಾಳೆ. ಎಂಟರಲ್ಲಿ ಎರಡು ಹೋದರೆ ಆರು, ಐದರಲ್ಲಿ ಮೂರು ಹೋದರೆ ಎರಡು. ಅವಳ ಪ್ರಕಾರ ಲೆಕ್ಕ ಸರಿಯಾಗಿಯೇ ಇದೆ! ದಶಕದಿಂದ ಸಾಲ ತರುವುದು ಅವಳ ತಲೆಗೆ ಹೋಗಿಯೇ ಇಲ್ಲ. ಅವತ್ತು ರಾತ್ರಿ ಕೂತು ಪೊರಕೆ ಕಡ್ಡಿ ಮುರಿದು ಹತ್ತು ಹತ್ತರ ಐದು ಕಟ್ಟು ಕಟ್ಟಿ, ಎರಡು ಬಿಡಿ ಕಡ್ಡಿ ಸೇರಿಸಿ ಚೀಲದಲ್ಲಿ ಇಟ್ಟುಕೊಂಡೆ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಅವಳನ್ನು ಕೂರಿಸಿಕೊಂಡು, ‘ಇದರಲ್ಲಿ ಮೂವತ್ತೆಂಟು ಕೊಡು ನನಗೆ’ ಅಂದೆ. ಮೂರು ಕಟ್ಟು ಕೊಟ್ಟಳು. ಎಂಟು ಬಿಡಿ ಕಡ್ಡಿ ಹುಡುಕಿದಳು, ಇರುವುದು ಎರಡೇ. ನನ್ನ ಮುಖ ನೋಡಿದಳು. ‘ಕಟ್ಟು ಬಿಚ್ಲಾ ಮಿಸ್?’ ಅಂದಳು. ಆ ಒಂದು ಮಾತು ಅವಳ ಬಾಯಿಂದ ಬರಲಿ ಅಂತಲೇ ನಾನು ರಾತ್ರಿ ಕಡ್ಡಿ ಮುರಿದಿದ್ದು.

ಈ ಕೆಲಸ ಕಡಿಮೆ ಆಗಬೇಕು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಇದೇ ಪಾಠದ ಬೇರು. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಲ್ಲಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಕೆಲಸ ಅಂತ ಇದೆ, ‘ಪಾಠದ ಸಿದ್ಧತೆಯ ಸಮಯವೂ ಸೇರಿ’ ಅಂತ ಅಲ್ಲೇ ಬರೆದಿದೆ. ಅಂದರೆ ಮನೆಯ ಮೇಜಿನ ಮೇಲೆ ನಡೆಯುವ ಈ ಕೆಲಸವನ್ನು ಕಾಯ್ದೆ ಗುರುತಿಸಿದೆ. ನಿಮ್ಮ ಕಡೆಯವರು ಗುರುತಿಸಿಲ್ಲ, ಅಷ್ಟೇ.

ಎರಡನೆಯ ಕೆಲಸ ಆ ಮೊಬೈಲಿನದು. ಅದರ ಹಿಂದೆ ರಿಜಿಸ್ಟರುಗಳ ಸಾಲೇ ಇದೆ. ಇದು ಮೊದಲನೆಯದನ್ನು ದಿನದಿನಕ್ಕೂ ತಿನ್ನುತ್ತಿದೆ.

ಕ್ಷೀರಭಾಗ್ಯ 2013ರ ಆಗಸ್ಟ್ 1ರಂದು ಶುರುವಾದಾಗ ನಮ್ಮ ಶಾಲೆಯಲ್ಲಿ 86 ಮಕ್ಕಳಿದ್ದರು. ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿಲೀಟರ್ ಹಾಲು. ಎಲ್ಲರೂ ಬಂದ ದಿನ 1 ಕಿಲೋ 548 ಗ್ರಾಂ ಪುಡಿ ತೂಗಬೇಕು. ಬಿಸಿ ನೀರಿಗೆ ನೇರ ಸುರಿದರೆ ಗಂಟು ಕಟ್ಟುತ್ತೆ, ಉಗುರು ಬೆಚ್ಚಗಿನ ನೀರಲ್ಲಿ ಮೊದಲು ಕದಡಿಕೊಳ್ಳಬೇಕು. ಇದನ್ನು ಅಡುಗೆಯವರ ಜೊತೆ ನಿಂತು ನಾನೇ ಕಲಿತೆ. ಮಧ್ಯಾಹ್ನ ಅಕ್ಷರ ದಾಸೋಹ. ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150. ನಮ್ಮಲ್ಲಿ ಚಿಕ್ಕವರು 51, ದೊಡ್ಡವರು 35, ಒಟ್ಟು 10 ಕಿಲೋ 350 ಗ್ರಾಂ. ಬೇಳೆ, ಎಣ್ಣೆ, ತರಕಾರಿಗೆ ಬೇರೆ ಲೆಕ್ಕ. ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಟೀಚರ್ ಊಟ ರುಚಿ ನೋಡಿ ವಹಿಯಲ್ಲಿ ಬರೆದು ಸಹಿ ಹಾಕಬೇಕು. ಸಂಜೆ ದಾಸ್ತಾನು ವಹಿಯಲ್ಲಿ ಆರಂಭದ ಶಿಲ್ಕು, ಖರ್ಚು, ಅಂತಿಮ ಶಿಲ್ಕು. ಗೋಧಿ ಎರಡು ಕಿಲೋ ಹೆಚ್ಚು ಕಡಿಮೆ ಬಂದರೆ ನಿದ್ದೆ ಬರುತ್ತಿರಲಿಲ್ಲ, ಯಾಕೆಂದರೆ ಉತ್ತರ ಕೊಡಬೇಕಾದವಳು ನಾನು.

ಹಾಲು, ಊಟದ ಬಗ್ಗೆ ನನಗೆ ಒಂದಿಷ್ಟೂ ಬೇಸರ ಇಲ್ಲ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದು ಪ್ರಾರ್ಥನೆ ಹೊತ್ತಿಗೆ ಕುಸಿದು ಬೀಳುತ್ತಿದ್ದ ಮಕ್ಕಳನ್ನು ಎತ್ತಿ ಕೂರಿಸಿದ ಕೈ ಇದು. ಆ ಲೆಕ್ಕ ಬರೆಯಲು ಒಬ್ಬ ಗುಮಾಸ್ತರನ್ನು ಕೊಡದೆ, ನಾಲ್ಕನೇ ತರಗತಿಯ ಪರಿಸರ ಅಧ್ಯಯನದ ಪೀರಿಯಡ್ಡನ್ನು ಅದಕ್ಕೆ ಬಲಿ ಕೊಟ್ಟರಲ್ಲ, ಬೇಸರ ಅದಕ್ಕೆ.

ಈಗ ನಿಮ್ಮ ಹೆಂಡತಿಯ ಕಾಲಕ್ಕೆ ಅದರ ಮೇಲೆ ಆನ್‌ಲೈನು ಕೂತಿದೆ. ಸ್ಯಾಟ್ಸ್ ಅನ್ನುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರತಿ ಮಗುವಿನ ಮಾಹಿತಿ, ಅಂಕ. ನಾಲ್ಕು ಎಫ್‌ಎ (ಪಾಠದ ನಡುವಿನ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯ ಮೌಲ್ಯಮಾಪನ), ವರ್ಷಕ್ಕೆ ಆರು ಸಲ, ವಿಷಯವಾರು. ದೇಶದ ಶಾಲೆಗಳ ಅಂಕಿಅಂಶ ಸೇರಿಸುವ ಯುಡೈಸ್ ಬೇರೆ. ಈಗ ಪ್ರತಿ ವಿದ್ಯಾರ್ಥಿಗೂ ಒಂದು ಗುರುತಿನ ಸಂಖ್ಯೆ, ಅಪಾರ್ ಐಡಿ. ಆಧಾರ್‌ನಲ್ಲಿ ಮಗುವಿನ ಹೆಸರು ಒಂದು ಥರ, ದಾಖಲಾತಿ ವಹಿಯಲ್ಲಿ ಇನ್ನೊಂದು ಥರ ಇದ್ದರೆ ತಗೊಳ್ಳುವುದಿಲ್ಲ. ಅಪ್ಪನ ಇನಿಷಿಯಲ್ಲಿಗಾಗಿ ಅವರ ಹೊಲದವರೆಗೆ ನಡೆದು ಹೋದ ಟೀಚರುಗಳು ನನಗೆ ಗೊತ್ತು. ಹಗಲು ಸರ್ವರ್ ಸಿಗುವುದಿಲ್ಲ, ರಾತ್ರಿ ಸಿಗುತ್ತೆ. ಹತ್ತೂವರೆಗೆ ನಿಮ್ಮ ಮನೆಯಲ್ಲಿ ಮೊಬೈಲ್ ಬೆಳಗುತ್ತಿರುವುದು ಅದಕ್ಕೇ ಇರಬೇಕು.

ನೀವು ಏನು ಮಾಡಬಹುದು? ಸಂಜೆಯ ಅಡುಗೆ, ಮಗನ ಊಟ, ಅವನನ್ನು ಮಲಗಿಸುವುದು, ಇವನ್ನು ‘ಸಹಾಯ’ ಅನ್ನದೆ ನಿಮ್ಮ ಪಾಲು ಅಂತ ತೆಗೆದುಕೊಳ್ಳಿ. ಆದರೆ ಅವರ ಆನ್‌ಲೈನ್ ಎಂಟ್ರಿ ಮಾತ್ರ ನೀವು ಮಾಡಿಕೊಡಬೇಡಿ. ಎಷ್ಟೋ ಮನೆಗಳಲ್ಲಿ ಗಂಡ, ಮಕ್ಕಳು ಕೂತು ಮಾಡಿಕೊಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ನಮ್ಮ ಮನೆಯಲ್ಲೂ ಮಾಡಿದರು. ನನ್ನ ಮಗಳು ಹೈಸ್ಕೂಲು ಮುಗಿಸುವವರೆಗೂ ಅಂಕವಹಿಯಲ್ಲಿ ಮಕ್ಕಳ ಹೆಸರು ಬರೆದುಕೊಟ್ಟಳು. ಆ ಶಾಲೆಯ ಬೀರುವಿನಲ್ಲಿ ಇವತ್ತಿಗೂ ಅವಳ ಗುಂಡು ಅಕ್ಷರ ಇದೆ. ‘ಕೊಟ್ಟ ಕೆಲಸ ಒಬ್ಬರ ಕೈಲಿ ಆಗುತ್ತಿದೆ’ ಅಂತಲೇ ಕಚೇರಿ ತಿಳಿದುಕೊಂಡಿತು. ಅದರ ಮುಂದಿನ ವರ್ಷ ಇನ್ನೂ ಎರಡು ನಮೂನೆ ಬಂದವು.

ಇನ್ನೊಂದು. ಆ ಹುಡುಗನನ್ನು ಒಂದು ಶನಿವಾರ ಅಮ್ಮನ ಶಾಲೆಗೆ ಕರೆದುಕೊಂಡು ಹೋಗಿ. ಅಮ್ಮ ಯಾರಿಗಾಗಿ ಬರೆಯುತ್ತಾಳೆ ಅಂತ ಅವನು ಕಣ್ಣಾರೆ ನೋಡಲಿ.

ಪ್ರಶ್ನೆ: ನಮ್ಮದು ಇಬ್ಬರು ಶಿಕ್ಷಕರ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡುಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ನಲಿ-ಕಲಿಯನ್ನು ನಾನು ನೋಡಿಕೊಳ್ಳುತ್ತೇನೆ. 2025ರ ದಸರಾ ರಜೆಯಲ್ಲಿ ಮನೆಮನೆ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಮಾಡಿದೆವು. ಈಗ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಕೆಲಸವೂ ನನ್ನ ಮೇಲಿದೆ. ಮುಂದೆ ಜನಗಣತಿ. ‘ಆಗಲ್ಲ’ ಅನ್ನಲು ನಮಗೆ ಏನಾದರೂ ನಿಯಮ ಇದೆಯೇ?
— ಒಬ್ಬ ಶಿಕ್ಷಕಿ, ಶಿರಾ ತಾಲ್ಲೂಕು

ಉತ್ತರ: ಇದೆ, ಆದರೆ ನೀವು ಅಂದುಕೊಂಡಷ್ಟು ಅಗಲವಾಗಿ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ನಿಮ್ಮ ಡೈರಿಯ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ನಿಯೋಜಿಸುವಂತಿಲ್ಲ. ಬಿಟ್ಟಿರುವುದು ಮೂರನ್ನು ಮಾತ್ರ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಕೋಪ ಪರಿಹಾರ, ಮತ್ತು ಸ್ಥಳೀಯ ಸಂಸ್ಥೆ, ವಿಧಾನಸಭೆ, ಲೋಕಸಭೆಗಳ ಚುನಾವಣೆ ಕೆಲಸ. ಹಾಗಾಗಿ 2027ರ ಜನಗಣತಿಗೆ ಹೆಸರು ಬಂದರೆ ಕಾಯ್ದೆ ತೋರಿಸಿ ಒಲ್ಲೆ ಅನ್ನಲು ಬರುವುದಿಲ್ಲ.

ಮತದಾರರ ಪಟ್ಟಿಯ ವಿಷಯಕ್ಕೆ ಇನ್ನೂ ಒಂದು ಆಧಾರ ಇದೆ. 2007ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಒಂದು ಶಾಲೆ ಮತ್ತು ಚುನಾವಣಾ ಆಯೋಗದ ನಡುವಿನ ಪ್ರಕರಣದಲ್ಲಿ, ಪಟ್ಟಿ ಪರಿಷ್ಕರಣೆಗೂ ಚುನಾವಣೆ ಕೆಲಸಕ್ಕೂ ಶಿಕ್ಷಕರನ್ನು ರಜಾದಿನಗಳಲ್ಲಿ, ಪಾಠ ಇಲ್ಲದ ದಿನಗಳಲ್ಲಿ ಹಾಕಿಕೊಳ್ಳಬೇಕು, ಸಾಮಾನ್ಯವಾಗಿ ಪಾಠದ ದಿನ, ಪಾಠದ ಹೊತ್ತಿನಲ್ಲಿ ಹಾಕಬಾರದು ಅಂತ ಹೇಳಿತು. ಇದು ಬಹಳ ಜನ ಟೀಚರುಗಳಿಗೆ ಗೊತ್ತಿಲ್ಲ. ಮಂಗಳವಾರ ಹನ್ನೊಂದು ಗಂಟೆಗೆ ‘ಈಗಲೇ ಬನ್ನಿ’ ಅಂತ ಫೋನ್ ಬಂದರೆ ಎದ್ದು ಹೋಗಿಬಿಡುತ್ತಾರೆ. ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ಎದ್ದು ಹೋದರೆ ಐದು ತರಗತಿಗೆ ಒಬ್ಬರು. ಆ ದಿನ ನಲಿ-ಕಲಿಯ ಮಕ್ಕಳು ತಟ್ಟೆಯಿಂದ ಕಾರ್ಡು ತೆಗೆದುಕೊಂಡು ಕೂರುತ್ತಾರೆ, ಮುಂದಿನ ಮೆಟ್ಟಿಲಿಗೆ ಹತ್ತಿಸುವವರು ಇರುವುದಿಲ್ಲ.

ಆದ್ದರಿಂದ ‘ಆಗಲ್ಲ’ ಅನ್ನುವ ಬದಲು ‘ಶಾಲೆ ಹೊತ್ತಿನಲ್ಲಿ ಆಗಲ್ಲ, ಭಾನುವಾರ ಮಾಡಿಕೊಡುತ್ತೇನೆ, ಶಾಲೆಯಲ್ಲಿ ಇರುವುದು ಇಬ್ಬರೇ’ ಅಂತ ಬರೆದು ಕೊಡಿ. ಬಾಯಿಮಾತು ಬೇಡ. ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಒಬ್ಬರೇ ಕೊಟ್ಟರೆ ತಕರಾರು ಅನ್ನುತ್ತಾರೆ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಹತ್ತು ಶಾಲೆಯವರು ಕೂಡಿ ಕೊಟ್ಟರೆ ಅದು ಮನವಿ ಆಗುತ್ತೆ. ಭಾನುವಾರ ಹೋದದ್ದಕ್ಕೆ ಬದಲಿ ರಜೆ ಸಿಗುತ್ತದೆಯೇ ಅನ್ನುವುದನ್ನೂ ಅದೇ ಪತ್ರದಲ್ಲಿ ಕೇಳಿ.

ಸಮೀಕ್ಷೆಯ ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಲೇಬೇಕು. 2025ರ ಸೆಪ್ಟೆಂಬರ್ 22ರಂದು ಶುರುವಾದ ಆ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಬೇಕಿತ್ತು ಅಂತಲೇ ನಾನು ನಂಬಿದವಳು. ಯಾವ ಮನೆಯ ಮಗು ಯಾಕೆ ಶಾಲೆ ಬಿಟ್ಟಿತು ಅಂತ ಲೆಕ್ಕ ಸಿಗದೆ ಯಾವ ಯೋಜನೆಯೂ ನೆಟ್ಟಗಾಗುವುದಿಲ್ಲ. ಆದರೆ ಒಂದು ಮನೆಗೆ 60 ಪ್ರಶ್ನೆ, ಆ್ಯಪ್ ತೆರೆಯದಿದ್ದರೆ ಅಂಗಳದಲ್ಲೇ ಕಾಯುವುದು, ಒಟಿಪಿ ಬರಲಿಲ್ಲ ಅಂತ ಅದೇ ಮನೆಗೆ ಮೂರನೇ ಸಲ ಹೋಗುವುದು. ನನ್ನ ಶಾಲೆಯಲ್ಲಿದ್ದ ಕಿರಿಯ ಶಿಕ್ಷಕಿಯೊಬ್ಬಳು ಸಿಗ್ನಲ್ ಸಿಗುತ್ತೆ ಅಂತ ನೀರಿನ ಟ್ಯಾಂಕಿನ ಏಣಿಯ ನಾಲ್ಕನೇ ಮೆಟ್ಟಿಲ ಮೇಲೆ ನಿಂತು ಎಂಟ್ರಿ ಮಾಡಿದ್ದನ್ನು ಫೋನಲ್ಲಿ ಹೇಳಿ ಅತ್ತಳು. ಸರ್ಕಾರಿ, ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಮುಂದೆ ಹೋಯಿತು. ಪೇಪರಿನಲ್ಲಿ ‘ಶಿಕ್ಷಕರಿಗೆ ಇನ್ನಷ್ಟು ರಜೆ’ ಅನ್ನುವ ಹಾಗೆ ಓದಿಕೊಂಡವರೇ ಜಾಸ್ತಿ. ಆ ದಿನಗಳ ಪಾಠವನ್ನು ಆಮೇಲೆ ಶನಿವಾರ, ಸಂಜೆಗಳಲ್ಲಿ ತುಂಬಿಕೊಡಬೇಕಾಗಿದ್ದೂ ಅದೇ ಟೀಚರುಗಳೇ.

ಪ್ರಶ್ನೆ: ನನ್ನ ಮಗಳು ಖಾಸಗಿ ಶಾಲೆಯಲ್ಲಿ ಏಳನೇ ಕ್ಲಾಸು. ನೋಟ್ಸಿನಲ್ಲಿ ಬರೀ ಟಿಕ್ ಮಾರ್ಕು, ಒಂದು ಸಹಿ. ಸ್ಪೆಲ್ಲಿಂಗ್ ತಪ್ಪಿದ್ದರೂ ಟಿಕ್. ರಾತ್ರಿ ಒಂಬತ್ತಕ್ಕೆ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ಟೀಚರ್ ಉತ್ತರ ಕೊಡಲಿಲ್ಲ. ಇಷ್ಟು ಫೀಸು ಕಟ್ಟಿ ಕೇಳುವುದು ತಪ್ಪೇ?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ಕೇಳುವುದು ತಪ್ಪಲ್ಲಮ್ಮ. ರಾತ್ರಿ ಒಂಬತ್ತಕ್ಕೆ, ಎಲ್ಲ ಪೋಷಕರ ಎದುರಿಗೆ ಕೇಳಿದ್ದು ತಪ್ಪು.

ಒಂದು ಗುಣಾಕಾರ ಮಾಡಿ ನೋಡಿ. ಏಳನೇ ಕ್ಲಾಸಿಗೆ ನಾಲ್ಕು ಸೆಕ್ಷನ್, ಒಂದೊಂದರಲ್ಲಿ 42 ಮಕ್ಕಳು ಅಂತಿಟ್ಟುಕೊಳ್ಳಿ. 168 ನೋಟ್ಸ್. ಒಂದಕ್ಕೆ ಎರಡೇ ನಿಮಿಷ ಅಂದರೂ 336 ನಿಮಿಷ, ಅಂದರೆ 5 ಗಂಟೆ 36 ನಿಮಿಷ. ದಿನಕ್ಕೆ ಒಂದು ಫ್ರೀ ಪೀರಿಯಡ್ ಸಿಕ್ಕರೆ ಪುಣ್ಯ, ಅದೂ ಬಾರದ ಟೀಚರಿನ ಕ್ಲಾಸಿಗೆ ಹೋಗಿಬಿಡುತ್ತೆ. ಆಮೇಲೆ ವಾರ್ಷಿಕೋತ್ಸವದ ಡ್ಯಾನ್ಸು, ಬಸ್ ಡ್ಯೂಟಿ, ಪ್ರಶ್ನೆಪತ್ರಿಕೆ ಟೈಪು, ಬುಲೆಟಿನ್ ಬೋರ್ಡು. ಇವುಗಳಲ್ಲಿ ಯಾವುದಕ್ಕೂ ಬೇರೆ ಸಂಬಳ ಕೊಟ್ಟದ್ದನ್ನು ನಾನು ಕೇಳಿಲ್ಲ. ಸರ್ಕಾರಿ ಟೀಚರಿಗೆ ಕೊನೆಪಕ್ಷ ಸಂಘ ಇದೆ, ಸೇವಾ ಪುಸ್ತಕ ಇದೆ. ನಿಮ್ಮ ಮಗಳ ಟೀಚರಿಗೆ ಅದೂ ಇರಲಿಕ್ಕಿಲ್ಲ. ‘ನಾಳೆಯಿಂದ ಬರಬೇಡಿ’ ಅಂದರೆ ಮುಗಿಯಿತು.

ಆ ಟಿಕ್ ಮಾರ್ಕು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ. ಎಲ್ಲ ನೋಟ್ಸೂ ತಿದ್ದಿರಬೇಕು ಅಂತ ಆಡಳಿತ ಮಂಡಳಿ ಪರಿಶೀಲನೆ ಮಾಡುತ್ತೆ, ಸಹಿ ಇದೆಯಾ ಅಂತ ನೋಡುತ್ತೆ. ಸಹಿಯನ್ನು ಎಣಿಸಿದರೆ ಸಹಿ ಸಿಗುತ್ತೆ. ನೀವು ಪೋಷಕರು ಕೇಳಬೇಕಾದದ್ದು ಶಾಲೆಯನ್ನು: ನೋಟ್ಸ್ ತಿದ್ದಲು ಟೈಂಟೇಬಲ್ಲಿನಲ್ಲಿ ಎಷ್ಟು ಪೀರಿಯಡ್ ಇಟ್ಟಿದ್ದೀರಿ? ಮುಂದಿನ ಪೋಷಕರ ಸಭೆಯಲ್ಲಿ ಇದೊಂದೇ ಪ್ರಶ್ನೆ ಎತ್ತಿ ನೋಡಿ. ಟೀಚರಿಗೆ ನಿಮ್ಮಿಂದ ಆಗುವ ದೊಡ್ಡ ಉಪಕಾರ ಅದು. ಮಗಳ ಸ್ಪೆಲ್ಲಿಂಗ್ ಬಗ್ಗೆ ಡೈರಿಯಲ್ಲಿ ಎರಡು ಸಾಲು ಬರೆದು ಕಳಿಸಿ, ಅಥವಾ ಅವರು ಹೇಳಿದ ಹೊತ್ತಿಗೆ ಹೋಗಿ ಮಾತಾಡಿ. ಗ್ರೂಪಿನಲ್ಲಿ ಹಾಕಿದ್ದಕ್ಕೆ, ಸಾಧ್ಯವಾದರೆ, ಅವರ ಹತ್ತಿರ ಒಂದು ಮಾತು ಹೇಳಿಬಿಡಿ.

ಪ್ರಶ್ನೆ: ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಮೊಟ್ಟೆಗೆ ಸರ್ಕಾರ ಒಂದು ದರ ಗೊತ್ತು ಮಾಡಿದೆ. ಅಂಗಡಿಯಲ್ಲಿ ಅದಕ್ಕಿಂತ ಜಾಸ್ತಿ. ಬೇಯಿಸುವ ಗ್ಯಾಸು, ಸುಲಿಯುವ ಕೂಲಿ ಬೇರೆ. ಮಕ್ಕಳಿಗೆ ಇಲ್ಲ ಅನ್ನಲಾಗದೆ ಕೈಯಿಂದ ಹಾಕುತ್ತಿದ್ದೇನೆ. ಸರಿಯೇ?
— ಮುಖ್ಯ ಶಿಕ್ಷಕರು, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಸರ್, ನಾನೂ ಹಾಕಿದ್ದೇನೆ. ವಾರಕ್ಕೆ ಎರಡು ಮೊಟ್ಟೆ ಇದ್ದಾಗ ಹೇಗೋ ನಡೆಯಿತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನ ಆಗಿದೆ. ಮಕ್ಕಳ ಮಟ್ಟಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ನಿಮ್ಮ ಜೇಬು ಆರು ದಿನ ತಡೆಯುವುದಿಲ್ಲ. ಅಂಗಡಿಯ ಬಿಲ್ಲು ದಿನದ ದರದೊಂದಿಗೆ ತೆಗೆದಿಡಿ. ತಿಂಗಳಿಗೊಮ್ಮೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವ್ಯತ್ಯಾಸದ ಮೊತ್ತ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನು ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರಿಗೆ ಕಳಿಸಿ. ನಡಾವಳಿಯಲ್ಲಿ ಇಲ್ಲದ ಖರ್ಚು ಕಚೇರಿಯ ಮಟ್ಟಿಗೆ ಆಗಿಯೇ ಇಲ್ಲ. ಮೊಟ್ಟೆ ತರುವುದಕ್ಕೆ ಸ್ಕೂಟರಿನಲ್ಲಿ ನೀವೇ ಹೋಗುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸಿ, ಎಸ್‌ಡಿಎಂಸಿಯವರಲ್ಲಿ ಒಬ್ಬರಿಗೆ ಒಪ್ಪಿಸಿ.

ಪ್ರಶ್ನೆ: ಅಮ್ಮಾ, ಬಿ.ಇಡಿ ಮುಗಿಸಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿದ್ದೇನೆ. ಅಪ್ಪ ‘ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ, ಸಂಜೆ ಬೇಗ ಮನೆಗೆ ಬರಬಹುದು’ ಅನ್ನುತ್ತಾರೆ. ಕೆಲಸದಲ್ಲಿರುವ ನನ್ನ ಅಕ್ಕಂದಿರು ‘ಬರಬೇಡ ಕಣೇ’ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಸಿಂಧನೂರಿನ ಒಬ್ಬ ಓದುಗಳು

ಉತ್ತರ: ಅಪ್ಪನ ಮಾತನ್ನು ಮಾತ್ರ ನಂಬಬೇಡ ಮಗಳೇ. ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದ್ದು ಅಂತ ಅಂದಾಗಲೆಲ್ಲ, ಮನೆಯ ಕೆಲಸ ಪೂರ್ತಿ ಮಾಡಿಯೂ ಇದನ್ನು ಮಾಡಬಹುದು ಅನ್ನುವುದು ಆ ಮಾತಿನೊಳಗೆ ಕೂತಿರುತ್ತೆ. ಮದುವೆಯ ಮಾತು ಬಂದರೆ ಇದನ್ನು ಮೊದಲೇ ಬಿಡಿಸಿ ಹೇಳು: ನಾಲ್ಕೂವರೆಗೆ ಬಸ್ ಹತ್ತುತ್ತೇನೆ, ಕೆಲಸ ನನ್ನ ಜೊತೆಗೇ ಬಸ್ಸಿನಲ್ಲಿ ಬರುತ್ತೆ.

ಅಕ್ಕಂದಿರು ದಣಿದು ಹೇಳುತ್ತಿದ್ದಾರೆ, ಅವರ ದಣಿವು ಸುಳ್ಳಲ್ಲ. ಆದರೆ ಅವರನ್ನು ಕೂರಿಸಿಕೊಂಡು ಇನ್ನೊಂದು ಪ್ರಶ್ನೆ ಕೇಳು. ಯಾವುದು ದಣಿಸಿತು? ನನಗೆ ಗೊತ್ತಿರುವ ಟೀಚರುಗಳಲ್ಲಿ ಮಕ್ಕಳು ದಣಿಸಿದರು ಅಂದವರು ಬಹಳ ಕಡಿಮೆ. ಮಕ್ಕಳ ಹತ್ತಿರ ಹೋಗಲು ಬಿಡದೆ ದಿನವಿಡೀ ಎಳೆದಾಡಿದ್ದೇ ದಣಿಸಿತು ಅಂತ ಹೇಳುತ್ತಾರೆ.

ನೀನು ನಿರ್ಧಾರ ಮಾಡುವ ಮೊದಲು ಒಂದು ವಾರ ನಿಮ್ಮೂರಿನ ಶಾಲೆಗೆ ಹೋಗು. ಮುಖ್ಯ ಶಿಕ್ಷಕರನ್ನು ಕೇಳಿಕೊಂಡರೆ ಬೇಡ ಅನ್ನಲಾರರು, ಕೈಗೊಂದು ಆಳು ಸಿಕ್ಕಿದರೆ ಅವರಿಗೂ ಒಳ್ಳೆಯದೇ. ಲಾಂಗ್ ಬೆಲ್ ಹೊಡೆದ ಕೂಡಲೇ ಎದ್ದು ಬರಬೇಡ, ಐದೂವರೆವರೆಗೆ ಅಲ್ಲೇ ಇರು. ಹಾಲಿನ ಪುಡಿಯ ದಾಸ್ತಾನು ವಹಿ ನೋಡು, ಸ್ಯಾಟ್ಸ್ ಎಂಟ್ರಿ ಪಕ್ಕದಲ್ಲಿ ಕೂತು ನೋಡು. ಶನಿವಾರ ಮಧ್ಯಾಹ್ನ ಮೂರನೇ ತರಗತಿಯ ಗಣಿತದ ನೋಟ್‌ಬುಕ್ ಕಟ್ಟು ಕೇಳಿ ಇಸಿದುಕೊಂಡು ಮನೆಗೆ ತಾ. ತಪ್ಪಾದ ಲೆಕ್ಕಗಳನ್ನಷ್ಟೇ ನೋಡುತ್ತಾ ಹೋಗು. ‘ಈ ಮಗು ಯಾಕೆ ಹೀಗೆ ಬರೆಯಿತು’ ಅಂತ ಹಿಂದಿನ ಪುಟ ತಿರುವುವ ಮನಸ್ಸಾದರೆ ಅರ್ಜಿ ಹಾಕು. ಆಗದಿದ್ದರೆ ಬೇರೆ ಕೆಲಸ ನೋಡಿಕೋ, ಅದರಲ್ಲಿ ಅವಮಾನವೇನೂ ಇಲ್ಲ. ಎರಡರಲ್ಲಿ ಯಾವುದಾಯಿತು ಅಂತ ನನಗೊಂದು ಕಾಗದ ಬರಿ.